ಹಸಿ, ಒಣ ಬೆರೆಯದಿರಲಿ: ಮನೆಯ ಕಸವನ್ನು ನಾನು ನಿಭಾಯಿಸುವ ರೀತಿ

ಮನೆಯ ಕಸದ ಬಗ್ಗೆ ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು: ಹಸಿಕಸ ಒಣಕಸಕ್ಕೆ ತಾಗದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ಕಿನ ಬಗೆಗಳು, ಗೊಬ್ಬರದ ಹದ, ಯಾವುದನ್ನು ಯಾರಿಗೆ ಕೊಡಬೇಕು ಎಂಬುದೆಲ್ಲ ಆಮೇಲಿನ ಮಾತು. ಸಿಪ್ಪೆ, ಮುಸುರೆ, ಕಾಗದ, ಡಬ್ಬಿ ಬೇರೆ ಬೇರೆ ಇದ್ದಾಗ ಒಂದೊಂದಕ್ಕೂ ಒಂದು ದಾರಿ ಇರುತ್ತದೆ. ಎಲ್ಲವೂ ಒಂದೇ ಚೀಲದಲ್ಲಿ ಒಂದು ರಾತ್ರಿ ಕಳೆದರೆ ಸಾಕು, ಆ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಕಾಗದ ನೀರು ಹೀರಿ ಹರಿದುಹೋಗುತ್ತದೆ, ಕವರುಗಳಿಗೆ ಎಂಜಲು ಮೆತ್ತಿಕೊಳ್ಳುತ್ತದೆ, ಸಿಪ್ಪೆಯ ನಡುವೆ ಬ್ಲೇಡು ಸೇರಿಕೊಳ್ಳುತ್ತದೆ.

ಒಣಕಸ ವಿಂಗಡಿಸುವ ಒಂದು ಕಡೆ ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಚೀಲವನ್ನು ಮೇಜಿನ ಮೇಲೆ ಸುರಿಯುವ ಮೊದಲೇ ಅಲ್ಲಿನವರು ಅದರ ತಳ ಮುಟ್ಟಿ ನೋಡುತ್ತಿದ್ದರು. ಒದ್ದೆಯಿದ್ದರೆ ಪಕ್ಕಕ್ಕೆ. ಒಳಗೆ ಎಷ್ಟೇ ಒಳ್ಳೆಯ ಬಾಟಲಿ, ರಟ್ಟು ಇರಲಿ, ಅದನ್ನು ಬಿಡಿಸುತ್ತ ಕೂರಲು ಅವರಿಗೆ ಪುರಸೊತ್ತಿಲ್ಲ. ನಾವು ಎಸೆದ ಪ್ರತಿಯೊಂದನ್ನೂ ಒಬ್ಬರ ಬರಿಗೈ ಮುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ಒಡೆದ ಗಾಜನ್ನು ಹಾಗೇ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ.

ಬುಟ್ಟಿ ಎಲ್ಲಿಡಬೇಕು

ಹಸಿಕಸದ ಬುಟ್ಟಿ ತರಕಾರಿ ಹೆಚ್ಚುವ ಜಾಗದಲ್ಲೇ, ಕೈಗೆಟಕುವಷ್ಟು ಹತ್ತಿರ ಇರಬೇಕು. ಚಿಕ್ಕದಿರಲಿ, ಮುಚ್ಚಳ ಇರಲಿ. ದೊಡ್ಡದಾದರೆ ತುಂಬುವವರೆಗೆ ಕಾಯುತ್ತೇವೆ, ಅಷ್ಟರಲ್ಲಿ ನಾರುತ್ತದೆ. ಒಳಗೆ ಪ್ಲಾಸ್ಟಿಕ್ ಚೀಲ ಹಾಕಬೇಡಿ. ಹಳೆಯ ಪತ್ರಿಕೆಯ ಒಂದು ಹಾಳೆ ತಳಕ್ಕೆ ಹಾಸಿದರೆ ನೀರು ಹೀರಿಕೊಳ್ಳುತ್ತದೆ, ಕಸದ ಜೊತೆಗೇ ಗೊಬ್ಬರಕ್ಕೂ ಹೋಗುತ್ತದೆ. ಒಣಕಸದ ಚೀಲವನ್ನು ಅಡುಗೆಮನೆಯಿಂದ ಆಚೆ, ನಡೆದು ಹೋಗಿ ಹಾಕಬೇಕಾದ ಕಡೆ ತೂಗುಹಾಕಿ. ಎರಡೂ ಅಕ್ಕಪಕ್ಕ ಇದ್ದರೆ ಅವಸರದಲ್ಲಿ ಕೈ ತಪ್ಪುವುದು ಖಂಡಿತ.

ಮೂರನೆಯದಾಗಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಒಂದು ಗಟ್ಟಿ ಡಬ್ಬಿ ಇಡಿ: ಬ್ಯಾಟರಿ, ಬಲ್ಬು, ಅವಧಿ ಮುಗಿದ ಔಷಧಿ, ಬ್ಲೇಡು, ಸೂಜಿ ಎಲ್ಲ ಅದಕ್ಕೆ. ಇದು ತಿಂಗಳುಗಟ್ಟಲೆ ತುಂಬುವುದಿಲ್ಲ, ಆದರೂ ಬೇಕೇ ಬೇಕು. ಸ್ಯಾನಿಟರಿ ಪ್ಯಾಡ್, ಡಯಾಪರ್, ಗಾಯಕ್ಕೆ ಕಟ್ಟಿದ ಬಟ್ಟೆ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಎದ್ದುಕಾಣುವ ಗುರುತು ಹಾಕಿ, ಬೇರೆಯಾಗಿಯೇ ಕೊಡಿ. ಗುರುತು ಇದ್ದರೆ ಅದನ್ನು ಯಾರೂ ಬಿಚ್ಚಿ ನೋಡಬೇಕಾಗಿಲ್ಲ.

ಒಣಕಸ

ಡಬ್ಬಿ, ಬಾಟಲಿ, ಹಾಲಿನ ಕವರು ಇವನ್ನು ತೊಳೆದು ಹಾಕಿ ಎಂದ ಕೂಡಲೇ ನೀರು ದಂಡವಲ್ಲವೇ ಎನ್ನುತ್ತಾರೆ. ಹೊಸ ನೀರು ಬೇಡ. ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಅಲುಗಾಡಿಸಿ, ಬಾಯಿ ಕೆಳಗೆ ಮಾಡಿ ಒಣಗಲು ಬಿಟ್ಟರೆ ಸಾಕು. ಫಳಫಳ ಹೊಳೆಯಬೇಕಿಲ್ಲ, ಎಂಜಲು ಇರಬಾರದು, ತೇವ ಇರಬಾರದು ಅಷ್ಟೆ. ಕವರಿನ ಮೂಲೆ ಕತ್ತರಿಸುವಾಗ ಆ ಚಿಕ್ಕ ತುಂಡು ಪೂರ್ತಿ ಬೇರೆಯಾಗದಂತೆ ಕತ್ತರಿಸಿ. ಉಗುರಿನಷ್ಟು ಚೂರನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ, ಯಾರೂ ಆಯುವುದಿಲ್ಲ. ಅದು ಮಣ್ಣಿಗೋ ಚರಂಡಿಗೋ ಸೇರುತ್ತದೆ.

ಪ್ಲಾಸ್ಟಿಕ್ಕಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಇದನ್ನು ಜಾರಿಗೆ ತಂದಿತು. ತ್ರಿಕೋನ ಕಂಡ ತಕ್ಷಣ ಇದು ಮರುಬಳಕೆಯಾಗುತ್ತದೆ ಎಂದು ನೆಮ್ಮದಿಯಾಗಬೇಡಿ. ಆ ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ. 1 ಎಂದರೆ ಪೆಟ್, ನೀರಿನ ಬಾಟಲಿ. 2 ಎಂದರೆ ಎಚ್‌ಡಿಪಿಇ, ಶಾಂಪೂ ಮತ್ತು ಸೋಪಿನ ದ್ರವದ ಗಟ್ಟಿ ಬಾಟಲಿಗಳು. 5 ಎಂದರೆ ಪಾಲಿಪ್ರೊಪಿಲೀನ್, ಮುಚ್ಚಳ ಮತ್ತು ಊಟದ ಡಬ್ಬಿಗಳು. ಈ ಮೂರನ್ನು ಕೊಳ್ಳುವವರು ಸಾಮಾನ್ಯವಾಗಿ ಸಿಗುತ್ತಾರೆ. 3 ಪಿವಿಸಿ, 6 ಪಾಲಿಸ್ಟೈರೀನ್ (ಥರ್ಮಾಕೋಲ್ ಇದೇ ಜಾತಿ), 7 ಉಳಿದ ಎಲ್ಲ ಮಿಶ್ರಣಗಳು. ಇವುಗಳನ್ನು ಕೇಳುವವರು ಕಡಿಮೆ. ಕಪ್ಪು ಬಣ್ಣದ ಟ್ರೇಗಳಿಗೆ ಇನ್ನೊಂದು ತೊಡಕು: ಯಂತ್ರದಲ್ಲಿ ವಿಂಗಡಿಸುವ ಕಡೆ ಪ್ಲಾಸ್ಟಿಕ್ಕನ್ನು ಅತಿಗೆಂಪು ಬೆಳಕಿನಿಂದ ಗುರುತಿಸುತ್ತಾರೆ, ಕಪ್ಪು ಬಣ್ಣದ ಇಂಗಾಲ ಆ ಬೆಳಕನ್ನು ನುಂಗಿಬಿಡುತ್ತದೆ. ಕೊಳ್ಳುವಾಗಲೇ ಕಪ್ಪು ಟ್ರೇ ಬಿಟ್ಟುಬಿಡುವುದು ಒಳ್ಳೆಯದು.

ಬಾಟಲಿಯ ಮುಚ್ಚಳ ತೆಗೆಯಬೇಕೋ ಇರಬೇಕೋ? ನಿಮ್ಮಲ್ಲಿ ಒಯ್ಯುವವರು ಬೇರೆ ಏನನ್ನೂ ಹೇಳದಿದ್ದರೆ ಬಾಟಲಿಯನ್ನು ಚಪ್ಪಟೆ ಮಾಡಿ ಮುಚ್ಚಳ ಹಾಕಿಯೇ ಕೊಡಿ. ಕಾರ್ಖಾನೆಯಲ್ಲಿ ಎರಡನ್ನೂ ಪುಡಿ ಮಾಡಿ ನೀರಿನ ತೊಟ್ಟಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ, ತಾವಾಗಿಯೇ ಬೇರೆಯಾಗುತ್ತವೆ. ಬಿಡಿ ಮುಚ್ಚಳ ಮಾತ್ರ ದಾರಿಯಲ್ಲೇ ಕಳೆದುಹೋಗುತ್ತದೆ.

ಒಳಗೆ ಬೆಳ್ಳಿಯಂತೆ ಹೊಳೆಯುವ ತಿಂಡಿಯ ಪೊಟ್ಟಣ ಇದೆಯಲ್ಲ, ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುದುರಿ ಬಿಡಿ. ಮುದುರಿದಂತೆಯೇ ಉಳಿದರೆ ಅಲ್ಯೂಮಿನಿಯಂ ಹಾಳೆ. ಲೋಹದ ಜೊತೆ ಹಾಕಬಹುದು. ಮೆಲ್ಲಗೆ ಬಿಚ್ಚಿಕೊಂಡರೆ ಅದು ಲೋಹ ಲೇಪಿಸಿದ ಪ್ಲಾಸ್ಟಿಕ್, ಹಲವು ಪದರ ಅಂಟಿಸಿ ಮಾಡಿದ್ದು. ಆ ಪದರಗಳನ್ನು ಬಿಡಿಸುವುದು ಬಹಳ ಕಷ್ಟ, ಹಾಗಾಗಿ ಅದಕ್ಕೆ ಗಿರಾಕಿ ಇಲ್ಲ. 2019ರಲ್ಲಿ ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾದದ್ದು ಶೇಕಡ 9ರಷ್ಟು ಮಾತ್ರ ಎಂದು ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಘಟನೆ) ಲೆಕ್ಕ ಹಾಕಿದೆ. ಹಾಗಾಗಿ ಪ್ಲಾಸ್ಟಿಕ್ಕಿನ ಮಟ್ಟಿಗೆ ವಿಂಗಡಣೆಗಿಂತ ಕೊಳ್ಳದಿರುವುದೇ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ.

ಲೋಹದ ಕಥೆ ಬೇರೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಸುಮಾರು ಶೇಕಡ 95ರಷ್ಟು ಕಡಿಮೆ ಶಕ್ತಿ ಸಾಕು, ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಒಂದು ಡಬ್ಬಿಯನ್ನೂ ಕಳೆಯಬೇಡಿ. ತಗಡಿನ ಡಬ್ಬಿಯ ಚೂಪು ಮುಚ್ಚಳವನ್ನು ಡಬ್ಬಿಯೊಳಗೇ ಹಾಕಿ ಬಾಯಿ ಅಮುಕಿಬಿಡಿ, ಯಾರ ಕೈಯೂ ಕೊಯ್ಯುವುದಿಲ್ಲ.

ಗಾಜಿನಲ್ಲಿ ಬಾಟಲಿ ಮತ್ತು ಜಾಡಿ ಒಂದು ಗುಂಪು. ಓವನ್‌ನಲ್ಲಿ ಇಡುವ ಪಾತ್ರೆ, ಕಿಟಕಿಯ ಗಾಜು, ಕನ್ನಡಿ ಆ ಗುಂಪಿಗೆ ಸೇರುವುದಿಲ್ಲ. ಅವುಗಳ ರಚನೆಯೇ ಬೇರೆ. ಒಡೆದದ್ದನ್ನು ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ‘ಗಾಜು’ ಎಂದು ಬರೆದು ಕೈಯಲ್ಲೇ ಕೊಡಿ.

ಕಾಗದವನ್ನು ನೀರಿನಲ್ಲಿ ಕಲಸಿ ನಾರು ಬಿಡಿಸಿ ಮತ್ತೆ ಹಾಳೆ ಮಾಡುತ್ತಾರೆ, ಪ್ರತಿ ಸಲವೂ ನಾರು ಗಿಡ್ಡವಾಗುತ್ತ 5ರಿಂದ 7 ಸಲಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಎಣ್ಣೆ ಹತ್ತಿದ ಕಾಗದ ಅಲ್ಲಿಗೆ ಬೇಡ, ಎಣ್ಣೆ ನಾರಿಗೆ ಅಂಟಿಕೊಂಡು ಉಳಿದದ್ದನ್ನೂ ಕೆಡಿಸುತ್ತದೆ. ಕಲೆ ಹತ್ತಿದ ಭಾಗ ಹರಿದು ತೆಗೆದರೆ ಮಿಕ್ಕದ್ದು ಒಳ್ಳೆಯದೇ. ಅಂಗಡಿಯ ಬಿಲ್ ಚೀಟಿ ಬಂದರೆ ಉಗುರಿನಿಂದ ಗೀರಿ ನೋಡಿ: ಕಪ್ಪು ಗೆರೆ ಮೂಡಿದರೆ ಅದು ಶಾಖದಿಂದ ಅಚ್ಚಾಗುವ ಕಾಗದ, ರಾಸಾಯನಿಕದ ಲೇಪ ಇರುತ್ತದೆ. ಅದನ್ನು ರದ್ದಿಗೂ ಹಾಕಬೇಡಿ, ಗೊಬ್ಬರಕ್ಕೂ ಹಾಕಬೇಡಿ.

ಬ್ಯಾಟರಿಗಳ ಬಗ್ಗೆ ದಯವಿಟ್ಟು ಗಂಭೀರವಾಗಿರಿ. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ, ಸುತ್ತಲಿನ ಒಣ ಕಾಗದ ಉಳಿದದ್ದನ್ನು ಮಾಡುತ್ತದೆ. ಫೋನು, ಆಟಿಕೆ, ಸಿಗರೇಟಿನಂಥ ವೇಪ್ ಎಲ್ಲದರಲ್ಲೂ ಅದು ಇರುತ್ತದೆ. ಎರಡೂ ತುದಿಗೆ ಟೇಪು ಅಂಟಿಸಿ ಗಟ್ಟಿ ಡಬ್ಬಿಯಲ್ಲಿಡಿ, ಇ-ಕಸ ತೆಗೆದುಕೊಳ್ಳುವವರಿಗೇ ಕೊಡಿ. ಉಬ್ಬಿದ್ದನ್ನು ಚುಚ್ಚಬೇಡಿ, ಒತ್ತಬೇಡಿ.

ಹಸಿಕಸದಿಂದ ಗೊಬ್ಬರ

ನನಗೆ ಹೆಚ್ಚು ಪ್ರೀತಿಯ ಕೆಲಸ ಇದು. ಹಸಿಕಸವನ್ನು ಗಾಳಿಯಾಡದಂತೆ ಹೂತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಅದೇ ಸಿಪ್ಪೆಗೆ ಗಾಳಿ ಸಿಕ್ಕರೆ ಗೊಬ್ಬರ.

ತಳದಲ್ಲೂ ಬದಿಯಲ್ಲೂ ತೂತಿರುವ ಎರಡು ಬಕೆಟ್ ಸಾಕು. ಕೆಳಗೆ ನೀರು ಬಸಿಯಲು ಒಂದು ತಟ್ಟೆ ಇಡಿ. ಮೊದಲು ಒಣ ಕಡ್ಡಿ, ನಾರು ನಾಲ್ಕು ಬೆರಳು ದಪ್ಪ ಹಾಕಿ. ಆಮೇಲೆ ದಿನದ ಹಸಿಕಸ, ಅದರ ಮೇಲೆ ಅದರ ಎರಡರಷ್ಟು ತರಗೆಲೆಯೋ ಹರಿದ ರಟ್ಟೋ. ಒಂದು ಹಿಡಿ ಹಳೆಯ ಗೊಬ್ಬರ ಸಿಕ್ಕರೆ ಬೆರೆಸಿ, ಸೂಕ್ಷ್ಮಜೀವಿಗಳು ಬೇಗ ಕೆಲಸಕ್ಕಿಳಿಯುತ್ತವೆ. ಅವುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ತಕ್ಕಡಿ ಹಿಡಿಯಬೇಕಿಲ್ಲ, ಹಸಿಕಸ ಕಣ್ಣಿಗೆ ಕಾಣದಷ್ಟು ಒಣದು ಮುಚ್ಚಿದರೆ ಸರಿಹೋಗುತ್ತದೆ.

ಹದ ನೋಡುವುದು ಕೈಯಿಂದ. ಮಧ್ಯದಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯಿರಿ. ಹಿಂಡಿದ ಸ್ಪಂಜಿನಂತೆ ತೇವವಿದ್ದು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡು, ಮುಷ್ಟಿ ಬಿಟ್ಟಾಗ ಉಂಡೆ ಸಡಿಲವಾಗಿ ನಿಂತರೆ ಹದ ಸರಿಯಿದೆ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಿ ಬುಡದವರೆಗೆ ತಿರುವಿ. ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಇರುವೆ ಸಾಲುಗಟ್ಟಿದರೂ ಒಳಗೆ ಒಣಗಿದೆ ಎಂದೇ ಅರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ. ಮೂಗಿಗೆ ಘಾಟು ಹೊಡೆಯುವ ಅಮೋನಿಯಾ ಬಂದರೆ ಸಾರಜನಕ ಹೆಚ್ಚಾಗಿದೆ. ಎರಡಕ್ಕೂ ಮದ್ದು ಒಣ ಎಲೆ ಮತ್ತು ತಿರುವುವುದು. ಬಿಳಿ ಬೂಸ್ಟು ಕಂಡರೆ ಗಾಬರಿಯಾಗಬೇಡಿ, ಅದು ಕೆಲಸ ನಡೆಯುತ್ತಿರುವ ಗುರುತು. ದಪ್ಪ ಹುಳುಗಳು ಸಾಮಾನ್ಯವಾಗಿ ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ. ನೋಡಲು ಹೇಸಿಗೆ ಎನಿಸಿದರೆ ಮೇಲೆ ಇನ್ನೊಂದು ಪದರ ಒಣ ಎಲೆ ಹಾಕಿ.

ದೊಡ್ಡ ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗಿ ರೋಗಾಣುಗಳನ್ನು ಸಾಯಿಸುತ್ತದೆ, ಬಕೆಟ್ಟಿನಲ್ಲಿ ಅಷ್ಟು ಬಿಸಿ ಏರುವುದಿಲ್ಲ. ಆದ್ದರಿಂದ ಮಾಂಸ, ಸಾಕುಪ್ರಾಣಿಯ ಮಲ, ರೋಗ ಬಂದ ಗಿಡ ಅದಕ್ಕೆ ಬೇಡ. ಹಣ್ಣಿನ ಮೇಲಿನ ಸ್ಟಿಕ್ಕರನ್ನು ಸಿಪ್ಪೆ ಸುಲಿಯುವ ಮೊದಲೇ ಕಿತ್ತುಬಿಡಿ. ಅದು ಪ್ಲಾಸ್ಟಿಕ್, ಎಲ್ಲವೂ ಕರಗಿದ ಮೇಲೂ ಗೊಬ್ಬರದಲ್ಲಿ ಹೊಚ್ಚಹೊಸದಾಗಿಯೇ ಇರುತ್ತದೆ. ಎಷ್ಟೋ ಟೀ ಬ್ಯಾಗುಗಳಲ್ಲೂ ಪ್ಲಾಸ್ಟಿಕ್ ಎಳೆ ಇರುತ್ತದೆ, ಹರಿದು ಪುಡಿ ಮಾತ್ರ ಹಾಕಿ. ಒಂದು ಬಕೆಟ್ ತುಂಬಿದಾಗ ಮುಚ್ಚಿಟ್ಟು ಎರಡನೆಯದನ್ನು ಶುರುಮಾಡಿ. ಎರಡು ಮೂರು ತಿಂಗಳಲ್ಲಿ ಮೊದಲನೆಯದು ಕಪ್ಪಗೆ, ಮಣ್ಣಿನ ವಾಸನೆಯ ಪುಡಿಯಾಗಿರುತ್ತದೆ. ಇನ್ನೂ ಬೆಚ್ಚಗಿದ್ದರೆ ಗಿಡಕ್ಕೆ ಹಾಕಬೇಡಿ, ಕಾಯಿರಿ.

ಕಸವೇ ಕಡಿಮೆಯಾಗಲು

ಒಂದು ವಾರದ ಒಣಕಸವನ್ನು ಪತ್ರಿಕೆ ಹಾಸಿ ನೆಲದ ಮೇಲೆ ಹರಡಿ, ಒಂದೇ ಜಾತಿಯವನ್ನು ಒಂದೆಡೆ ಗುಂಪು ಮಾಡಿ. ಯಾವ ಗುಂಪು ದೊಡ್ಡದೋ ಅದೊಂದನ್ನೇ ಹಿಡಿದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೊರಟವರು ಬೇಗ ಸೋಲುತ್ತಾರೆ. ನೀರಿನ ಬಾಟಲಿಯಾದರೆ ಮನೆಯಿಂದ ತುಂಬಿಸಿಕೊಂಡು ಹೋಗಿ, ಚಿಕ್ಕ ಪೊಟ್ಟಣಗಳಾದರೆ ಒಂದು ದೊಡ್ಡ ಪೊಟ್ಟಣ ತನ್ನಿ, ಕೈಚೀಲಗಳಾದರೆ ಬಟ್ಟೆಯ ಚೀಲವನ್ನು ಬಾಗಿಲ ಮೊಳೆಗೆ ತೂಗುಹಾಕಿ. ಬಟ್ಟೆಯ ಚೀಲಗಳನ್ನೂ ಸುಮ್ಮನೆ ಕೂಡಿಹಾಕಬೇಡಿ. ಇರುವುದನ್ನು ಹರಿಯುವವರೆಗೆ ಬಳಸಿದಾಗಲೇ ಅದರಿಂದ ಲಾಭ.

ಹಸಿಕಸದ ಬುಟ್ಟಿಯನ್ನೂ ಹೀಗೇ ನೋಡಿ. ಸಿಪ್ಪೆ ಬಿಟ್ಟು ಬೇರೇನಾದರೂ ಇದೆಯೇ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡ 60ರಷ್ಟು ಮನೆಗಳದ್ದೇ. ಫ್ರಿಜ್ಜಿನಲ್ಲಿ ಕಣ್ಣಿನ ಮಟ್ಟಕ್ಕೆ ಒಂದು ಡಬ್ಬಿ ಇಟ್ಟು ‘ಮೊದಲು ಇದನ್ನು ಮುಗಿಸಿ’ ಎಂದು ಚೀಟಿ ಅಂಟಿಸಿ. ಹೊಸದು ತಂದಾಗ ಹಳೆಯದನ್ನು ಮುಂದಕ್ಕೆ ಎಳೆಯಿರಿ. ಪೊಟ್ಟಣದ ಮೇಲಿನ ‘ಬೆಸ್ಟ್ ಬಿಫೋರ್’ ರುಚಿ, ಗುಣಮಟ್ಟದ ಮಾತು. ಆ ದಿನ ದಾಟಿದರೂ ಸರಿಯಾಗಿ ಇಟ್ಟದ್ದು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ‘ಯೂಸ್ ಬೈ’ ಸುರಕ್ಷತೆಯ ಮಾತು, ಅದನ್ನು ಮೀರಬೇಡಿ.

ಕೊನೆಯದಾಗಿ, ‘ಕಾಂಪೋಸ್ಟಬಲ್’ ಎಂದು ಬರೆದ ಚೀಲ, ಲೋಟಗಳು. ಇವುಗಳಲ್ಲಿ ಹೆಚ್ಚಿನವು ಕಾರ್ಖಾನೆ ಮಟ್ಟದ ಗೊಬ್ಬರ ಘಟಕದ ಸುಮಾರು 58 ಡಿಗ್ರಿ ಬಿಸಿಯಲ್ಲಿ ಕರಗುವಂತೆ ಪರೀಕ್ಷೆಯಾದವು. ನಿಮ್ಮ ಬಕೆಟ್ಟಿನಲ್ಲಿ ಹಾಗೇ ಉಳಿಯುತ್ತವೆ, ಪೆಟ್ ಬಾಟಲಿಗಳ ಜೊತೆ ಸೇರಿದರೆ ಅದನ್ನೂ ಕೆಡಿಸುತ್ತವೆ. ಅಂಥ ಘಟಕಕ್ಕೆ ಕಸ ಒಯ್ಯುವ ವ್ಯವಸ್ಥೆ ಇದೆಯೇ ಎಂದು ನಿಮ್ಮ ಕಸ ಒಯ್ಯುವವರನ್ನು ಕೇಳಿ. ಇಲ್ಲ ಎಂದರೆ ಅವನ್ನು ಕೊಳ್ಳಬೇಡಿ, ತೊಳೆದು ಬಳಸುವ ಲೋಟವನ್ನೇ ಒಯ್ಯಿರಿ.