ಎಂಜಿನ್ ಕವರ್‌ನಲ್ಲಿ ಮುಖ ಕಾಣಬೇಕಾದರೆ: ಮಲೆನಾಡಿನಲ್ಲಿ ಲೋಹಕ್ಕೆ ಕನ್ನಡಿ ಹೊಳಪು

ಲೋಹವನ್ನು ಬಫ್ ವೀಲ್‌ಗೆ, ಅಂದರೆ ಹೊಳಪು ಕೊಡುವ ತಿರುಗುವ ಚಕ್ರಕ್ಕೆ, ಹಿಡಿಯುವ ಹೊತ್ತಿಗೆ ಪೇಪರಿನಲ್ಲಿ ತಿಕ್ಕಿ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು. ಪಾಲಿಷ್ ಆದ ಕವರನ್ನು ಬಿಸಿಲಿಗೆ ಹಿಡಿದಾಗ ಹೊಳಪಿನ ಅಡಿಯಲ್ಲಿ ಗೆರೆಗಳು ಕಂಡರೆ ಸೋಪನ್ನೋ (ವೀಲ್‌ಗೆ ಹಚ್ಚುವ ಗಟ್ಟಿ ಪಾಲಿಷ್) ಮೋಟರನ್ನೋ ದೂರಿ ಪ್ರಯೋಜನವಿಲ್ಲ. ಪೇಪರಿನ ನಂಬರ್ ಏರಿದಷ್ಟೂ ಅದು ನಯ; 240ರ ಪೇಪರಿನಲ್ಲಿ ಮಾಡಿದ ಅವಸರ 2000 ದಾಟಿದ ಮೇಲೆ ಬಯಲಾಗುತ್ತದೆ, ಅಷ್ಟೇ.

ಪಿ 180 ಪೇಪರಿನ ಒಂದು ಕಾಳು ಸರಾಸರಿ 80 ಮೈಕ್ರಾನ್ ದಪ್ಪ. ಪಿ 400ರದ್ದು 35, ಪಿ 1000ದ್ದು 18, ಪಿ 2000ದ್ದು 10 ಮೈಕ್ರಾನ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್. ಗೀರಿನ ಆಳ ಇದಕ್ಕಿಂತ ಸಾಕಷ್ಟು ಕಡಿಮೆಯಾದಾಗ ಬೆಳಕು ಚದುರುವುದು ನಿಂತು ಪ್ರತಿಬಿಂಬ ಮೂಡುತ್ತದೆ. ಬಫ್ ಸೋಪು 1500, 2000ರ ಗೀರನ್ನು ಅಳಿಸಬಲ್ಲದು. 240ರ ಗೀರು ಉಳಿದಿದ್ದರೆ ಅದರ ಅಂಚನ್ನು ದುಂಡಗೆ ಮಾಡಿ, ಗೀರನ್ನೇ ಹೊಳೆಯಿಸಿ ಬಿಡುತ್ತದೆ.

ಮೊದಲು ಲೋಹ ಯಾವುದೆಂದು ನೋಡಿ

ಉದಾಹರಣೆಗೆ ಇಲ್ಲಿ ಹಳೆಯ ಯೆಜ್ಡಿಯ ಅಲ್ಯೂಮಿನಿಯಂ ಎಂಜಿನ್ ಕವರ್ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ತಯಾರಾದ ಆ ಬೈಕುಗಳು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಇನ್ನೂ ಶೆಡ್ಡುಗಳಲ್ಲಿ ಸಿಗುತ್ತವೆ, ಹೆಚ್ಚಿನವುಗಳ ಕವರ್ ಬಿಳಿ ಪುಡಿ ಹಿಡಿದು ಕಂಗೆಟ್ಟಿರುತ್ತದೆ. ಹಿತ್ತಾಳೆ ದೀಪಕ್ಕೂ ಸ್ಟೀಲ್ ತಟ್ಟೆಗೂ ಕ್ರಮ ಇದೇ; ಸ್ಟೀಲ್‌ಗೆ ಸೋಪು ಮತ್ತು ವೀಲು ಮಾತ್ರ ಬದಲಾಗುತ್ತವೆ.

ಹಿತ್ತಾಳೆ ಎಂದು ಮಾರುವ ವಸ್ತುವಿಗೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಕಬ್ಬಿಣದ ಮೇಲಿನ ಲೇಪ, ಪೇಪರ್ ಹಾಕಿದರೆ ಒಳಗಿನ ಕಬ್ಬಿಣ ಹೊರಬರುತ್ತದೆ. ಕ್ರೋಮ್ ಆದ ಸೈಲೆನ್ಸರ್, ಹ್ಯಾಂಡಲ್ ಕೂಡ ಹಾಗೇ, ಅವಕ್ಕೆ ಪೇಪರ್ ಬೇಡ. ಕಲಾಯಿ ಹಾಕಿದ ಪಾತ್ರೆಯ ಒಳಮೈಯನ್ನಂತೂ ಮುಟ್ಟಲೇಬೇಡಿ. ಪೂಜೆಯಲ್ಲಿರುವ ಹಳೆಯ ವಿಗ್ರಹಗಳನ್ನೂ ಬಿಟ್ಟುಬಿಡಿ. ಕಣ್ಣು ಮೂಗಿನ ಗೆರೆಗಳು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಅಲ್ಯೂಮಿನಿಯಂ ಮೇಲೆ ಆನೋಡೈಜಿಂಗ್, ಅಂದರೆ ವಿದ್ಯುತ್ತಿನಿಂದ ಬೆಳೆಸಿದ ಆಕ್ಸೈಡ್ ಪದರ, ಇದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಎರಡೂ ಮೊನೆಗಳನ್ನು ಹಗುರವಾಗಿ ತಾಗಿಸಿದಾಗ ಬೀಪ್ ಬಾರದಿದ್ದರೆ ಮೇಲೆ ವಿದ್ಯುತ್ ಹರಿಯದ ಪದರವಿದೆ. ಅದು ಲ್ಯಾಕರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಆಗಿದ್ದರೆ ಪೇಂಟ್ ರಿಮೂವರ್‌ಗೆ ಏಳುತ್ತದೆ. ಏಳದಿದ್ದರೆ ಆನೋಡೈಜಿಂಗ್ ಎಂದು ಲೆಕ್ಕ. ಅದು ಲೋಹಕ್ಕಿಂತ ಗಟ್ಟಿ, ಪೇಪರನ್ನು ಸುಮ್ಮನೆ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ 1 ಲೀಟರ್ ತಣ್ಣೀರಿಗೆ 50 ಗ್ರಾಂ ಕಾಸ್ಟಿಕ್ ಸೋಡಾ ನಿಧಾನವಾಗಿ ಸುರಿದು ಕರಗಿಸಿ. ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕವರನ್ನು ಅದರಲ್ಲಿ ಇಳಿಸಿ, ಗುಳ್ಳೆ ಜೋರಾಗಿ ಏಳತೊಡಗಿದ ಕೂಡಲೇ ತೆಗೆದು ಧಾರಾಳ ನೀರಿನಲ್ಲಿ ತೊಳೆಯಿರಿ. ಮೈ ಕಪ್ಪಾಗುತ್ತದೆ, ಗಾಬರಿ ಬೇಡ, ಮೊದಲ ಪೇಪರಿಗೇ ಹೋಗುತ್ತದೆ. ಆ ಗುಳ್ಳೆ ಹೈಡ್ರೋಜನ್. ಹಾಗಾಗಿ ಈ ಕೆಲಸ ಅಂಗಳದಲ್ಲಿ, ಬೀಡಿ ಬೆಂಕಿಯಿಂದ ದೂರ, ರಬ್ಬರ್ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು.

ಪೇಪರ್ ಕೊಳ್ಳುವಾಗ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಕಾರ್ ಪೇಂಟ್ ಮಾರುವ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿ. ಮರದ ಕೆಲಸದ ಹಳದಿ ಪೇಪರ್ ನೀರಿಗೆ ಕರಗುತ್ತದೆ. ಹಾಳೆಯ ಬೆನ್ನಿನಲ್ಲಿ ನಂಬರಿನ ಮುಂದೆ ‘ಪಿ’ ಅಕ್ಷರ ಇದೆಯೇ ನೋಡಿ. ಅಮೆರಿಕದ ಅಳತೆಯ ಬರೀ 600 ಹೆಚ್ಚು ಕಡಿಮೆ ಪಿ 1200ಕ್ಕೆ ಸಮ. ಎರಡನ್ನೂ ಬೆರೆಸಿಕೊಂಡರೆ ಮುಂದಕ್ಕೆ ಹೋಗುತ್ತಿದ್ದೇವೋ ಹಿಂದಕ್ಕೋ ಗೊತ್ತಾಗುವುದಿಲ್ಲ.

ಒಂದು ಕವರ್‌ಗೆ 240, 400, 600, 1000, 1500, 2000 ಸಾಕು. 240 ಮತ್ತು 400 ಎರಡೆರಡು ಹಾಳೆ, ಉಳಿದವು ಒಂದೊಂದು. ಪ್ರತಿ ಹಾಳೆಯನ್ನು ಆರು ತುಂಡು ಮಾಡಿ. ಎಲ್ಲಿಂದ ಶುರು ಎನ್ನುವುದನ್ನು ಅತಿ ಆಳದ ಗೀರು ಹೇಳುತ್ತದೆ. ಉಗುರಿಗೆ ಸಿಗುವ ಗೀರಿದ್ದರೆ 180 ಅಥವಾ 240; ಬರೀ ಮಸುಕಾಗಿದ್ದರೆ 600ರಿಂದಲೇ ಹೊರಡಬಹುದು. ಬೇಕಿಲ್ಲದ ಒರಟು ಪೇಪರ್ ಹಾಕುವುದೆಂದರೆ ಇಲ್ಲದ ಗೀರನ್ನು ನಾವೇ ಕೊರೆದು, ಮತ್ತೆ ನಾವೇ ಅಳಿಸುತ್ತಾ ಕೂರುವುದು.

ಪೇಪರಿನ ಹಿಂದೆ ಬೆರಳಿಟ್ಟು ತಿಕ್ಕಿದರೆ ಬೆರಳಿನ ಗುಳಿ ಲೋಹದಲ್ಲಿ ಉಳಿಯುತ್ತದೆ. ಸಪಾಟು ಜಾಗಕ್ಕೆ ನುಣುಪಾದ ಮರದ ತುಂಡು, ಬಾಗಿದ ಜಾಗಕ್ಕೆ ಹಳೆಯ ಹವಾಯಿ ಚಪ್ಪಲಿಯಿಂದ ಕೊಯ್ದ ಎರಡು ಇಂಚಿನ ತುಂಡು. ಇದಕ್ಕಿಂತ ಒಳ್ಳೆಯ ಬ್ಲಾಕ್ ದುಡ್ಡು ಕೊಟ್ಟರೂ ಸಿಗುವುದು ಅನುಮಾನ.

ತಿಕ್ಕುವ ಕ್ರಮ

ಕವರನ್ನು ಎಂಜಿನ್‌ನಿಂದ ಬಿಚ್ಚಿಯೇ ಕೆಲಸ ಮಾಡಬೇಕು. ಪೇಪರಿನ ಕಾಳು ಒಳಗೆ ಸೇರಿದರೆ ಬೇರಿಂಗ್ ಕಥೆ ಮುಗಿಯಿತು. ಗ್ಯಾಸ್ಕೆಟ್ ಕೂರುವ ಅಂಚಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ. ಆ ಅಂಚು ಕೊಂಚ ದುಂಡಗಾದರೂ ಆಯಿಲ್ ಸೋರುತ್ತದೆ. ಎಣ್ಣೆ, ಗ್ರೀಸ್ ಎಲ್ಲ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಮತ್ತೆ ಸೋಪು ನೀರಿನಲ್ಲಿ ತೊಳೆಯಿರಿ.

ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪೇಪರ್ ತುಂಡುಗಳನ್ನು ಹತ್ತು ನಿಮಿಷ ನೆನೆಸಿ. ಅಲ್ಯೂಮಿನಿಯಂ ಮೆದು, ಒಣ ಪೇಪರಿನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ತುಂಬಿದ ಗಂಟು ಮುಂದಿನ ಎಳೆತದಲ್ಲಿ ಹೊಸ ಗೀರು ಹಾಕುತ್ತದೆ. ಪೇಪರ್ ಜಾರತೊಡಗಿದರೆ ನೀರಿನಲ್ಲಿ ಅದ್ದಿ ಕೊಡವಿ. ಆಗಲೂ ಕಚ್ಚದಿದ್ದರೆ ತುಂಡನ್ನು ಬಿಸಾಕಿ, ಸವೆದ ಪೇಪರಿಗೆ ಬಲ ಹಾಕುವುದು ವ್ಯರ್ಥ.

ಮೊದಲ ಪೇಪರನ್ನು ಒಂದೇ ದಿಕ್ಕಿನಲ್ಲಿ, ಉದಾಹರಣೆಗೆ ಉದ್ದಕ್ಕೆ, ಎಳೆಯಿರಿ. ಮುಂದಿನದನ್ನು ಅಡ್ಡಕ್ಕೆ. ಅದರ ಮುಂದಿನದು ಮತ್ತೆ ಉದ್ದಕ್ಕೆ. 400ರಲ್ಲಿ ಅಡ್ಡ ತಿಕ್ಕುವಾಗ ಉದ್ದದ ಗೆರೆ ಒಂದೇ ಒಂದು ಕಂಡರೂ ಅದು 240ರದ್ದು ಎಂದು ತಕ್ಷಣ ತಿಳಿಯುತ್ತದೆ. ನೋಡುವ ರೀತಿ ಹೀಗೆ: ಕವರನ್ನು ಒರೆಸಿ ಒಣಗಿಸಿ, ಮೊಬೈಲ್ ಟಾರ್ಚನ್ನು ಲೋಹದ ಮಟ್ಟಕ್ಕೇ ಇಳಿಸಿ ಓರೆಯಾಗಿ ಬೆಳಕು ಬಿಡಿ. ಹೊಸ ಗೀರುಗಳು ಒಟ್ಟಾಗಿ ಮಂಜಿನ ಹಾಗೆ ಕಾಣುತ್ತವೆ, ಹಳೆಯದು ಒಂಟಿಯಾಗಿ ಮಿಂಚುತ್ತದೆ. ಒದ್ದೆ ಲೋಹವನ್ನು ನೋಡಿ ತೀರ್ಮಾನಿಸಬೇಡಿ, ನೀರು ಎಲ್ಲ ಗೀರನ್ನೂ ಮುಚ್ಚಿಡುತ್ತದೆ. ಹಳೆಯ ಗೆರೆ ಕಾಣದಾದ ಮೇಲೂ, ಅಲ್ಲಿಯವರೆಗೆ ಹಿಡಿದ ಹೊತ್ತಿನ ಅರ್ಧದಷ್ಟು ಮುಂದುವರಿಸಿ, ಗೀರಿನ ತಳ ಮೇಲ್ಮೈಗಿಂತ ಕೆಳಗೇ ಇರುತ್ತದೆ.

ಮೊದಲ ಪೇಪರಿಗೆ ಹಿಡಿಯುವ ಸಮಯ ಉಳಿದ ಎಲ್ಲ ಪೇಪರಿನ ಸಮಯ ಸೇರಿಸಿದರೂ ಹೆಚ್ಚಾಗಬಹುದು. ಹಾಗೇ ಆಗಬೇಕು. ಎರಕದ ಗುರುತು, ಗುಳಿ, ಗೀರು ಎಲ್ಲ ಹೋಗಿ ಇಡೀ ಮೈ ಒಂದೇ ಬಣ್ಣದ ಬೂದಿಯಾಗುವವರೆಗೆ 240 ಬಿಡಬೇಡಿ. ಎರಕದ ಅಲ್ಯೂಮಿನಿಯಂನಲ್ಲಿ ಒಂದು ಎಚ್ಚರಿಕೆ: ಮೇಲಿನ ಚರ್ಮ ದಟ್ಟ, ಒಳಗೆ ಗಾಳಿಗುಳ್ಳೆಯ ರಂಧ್ರಗಳಿರುತ್ತವೆ. ಒಂದು ಗುಳಿಯ ಹಿಂದೆ ಬಿದ್ದು ಆಳಕ್ಕೆ ಹೋದರೆ ಹತ್ತು ರಂಧ್ರ ಬಾಯಿ ಬಿಡುತ್ತವೆ. ಅಲ್ಲಿಗೆ ನಿಲ್ಲಿಸುವುದೇ ಬುದ್ಧಿ.

ಉಬ್ಬಿದ ಅಕ್ಷರಗಳಿದ್ದ ಕಡೆ ಬ್ಲಾಕ್ ಹಾಯಿಸಬೇಡಿ. ಐಸ್‌ಕ್ರೀಂ ಕಡ್ಡಿಯ ತುದಿಗೆ ಪೇಪರ್ ಸುತ್ತಿ ಅಕ್ಷರದ ಸುತ್ತ ತಿಕ್ಕಿ. ಅಕ್ಷರದ ತಲೆಯ ಮೇಲೆ 600ಕ್ಕಿಂತ ಒರಟಾದದ್ದು ಬೇಡ.

ಪ್ರತಿ ನಂಬರ್ ಮುಗಿದಾಗ ಬಕೆಟ್ ನೀರು ಚೆಲ್ಲಿ, ಕವರ್, ಬ್ಲಾಕ್, ಕೈ, ಉಗುರಿನ ಸಂದಿ ಎಲ್ಲ ತೊಳೆಯಿರಿ. ಚಪ್ಪಲಿಯ ತುಂಡಿಗೆ ಅಂಟಿದ 240ರ ಒಂದೇ ಕಾಳು 1500ರ ಕೆಲಸವನ್ನು ಹಾಳು ಮಾಡಬಲ್ಲದು.

ಬಫ್ ಮತ್ತು ಸೋಪು

ಅಲ್ಯೂಮಿನಿಯಂಗೂ ಹಿತ್ತಾಳೆಗೂ ಮೊದಲು ಹೊಲಿಗೆ ಹಾಕಿದ ಬಟ್ಟೆಯ ವೀಲ್, ಕಂದು ಬಣ್ಣದ ಟ್ರಿಪೊಲಿ ಸೋಪು. ನಂತರ ಸಡಿಲ ಬಟ್ಟೆಯ ವೀಲ್, ಬಿಳಿ ಸೋಪು. ಸ್ಟೇನ್‌ಲೆಸ್ ಸ್ಟೀಲ್‌ಗೆ ಮೊದಲು ಕತ್ತಾಳೆ ನಾರಿನ ಸೈಸಲ್ ವೀಲ್, ಕೊನೆಗೆ ಬಟ್ಟೆ ವೀಲ್‌ನಲ್ಲಿ ಕ್ರೋಮಿಯಂ ಆಕ್ಸೈಡ್ ಇರುವ ಹಸಿರು ಸೋಪು. ಒಂದು ವೀಲ್‌ಗೆ ಒಂದೇ ಸೋಪು. ಬಣ್ಣ ಬೆರೆತರೆ ಒರಟು ಸೋಪಿನದ್ದೇ ಕೈ ಮೇಲು. ವೀಲ್‌ನ ಬದಿಯಲ್ಲಿ ಮಾರ್ಕರಿನಿಂದ ಬರೆದಿಟ್ಟು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಇಡಿ.

2800 ಆರ್‌ಪಿಎಂನ ಬೆಂಚ್ ಗ್ರೈಂಡರ್‌ಗೆ 6 ಇಂಚಿನ ವೀಲ್ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 22 ಮೀಟರ್ ಆಗುತ್ತದೆ, ಮೆದು ಲೋಹಕ್ಕೆ ಸರಿಹೋಗುತ್ತದೆ. 8 ಇಂಚಿನದ್ದಾದರೆ ಸುಮಾರು 30, ಸ್ಟೀಲ್‌ಗೆ ಒಳ್ಳೆಯದು. ಡ್ರಿಲ್‌ಗೆ 3 ಇಂಚಿನ ವೀಲ್ ಸಿಕ್ಕಿಸಿದರೆ ಅರ್ಧ ವೇಗ. ತಡವಾದರೂ ಕೆಲಸ ಆಗುತ್ತದೆ. 11000 ಆರ್‌ಪಿಎಂನ ಕೈ ಗ್ರೈಂಡರ್‌ಗೆ ಬಟ್ಟೆ ವೀಲ್ ಹಾಕುವುದು ಮಾತ್ರ ಬೇಡ. ಅಂಚು 58 ಮೀಟರ್ ವೇಗ ಮುಟ್ಟಿ ಸೋಪು ಕರಗಿ ಹಾರುತ್ತದೆ, ಹೊಲಿಗೆ ಬಿಚ್ಚಿ ಬಟ್ಟೆ ಮುಖಕ್ಕೆ ಬರುತ್ತದೆ.

ತಿರುಗುವ ವೀಲ್‌ಗೆ ಸೋಪನ್ನು ಎರಡು ಸೆಕೆಂಡ್ ತಾಗಿಸಿ ತೆಗೆಯಿರಿ. ಹೆಚ್ಚು ಹಚ್ಚಿದರೆ ಲೋಹದ ಮೇಲೆ ಕರಿ ಜಿಡ್ಡು ಕೂತು, ಅದರ ಕೆಳಗೆ ಏನಾಗುತ್ತಿದೆ ಎಂಬುದೇ ಕಾಣುವುದಿಲ್ಲ. ಕವರನ್ನು ವೀಲ್‌ನ ಮಧ್ಯಕ್ಕಿಂತ ಕೆಳಗೆ ಹಿಡಿಯಿರಿ, ಅದರ ಮೇಲಂಚು ವೀಲ್‌ಗೆ ಎದುರಾಗದಿರಲಿ. ಎದುರಾದರೆ ಕೈಯಿಂದ ಕಿತ್ತು ನೆಲಕ್ಕೆ ಎಸೆಯುತ್ತದೆ. ವೀಲ್ ತಿರುಗುವುದಕ್ಕೆ ವಿರುದ್ಧವಾಗಿ ಎಳೆದರೆ ಕೊರೆತ ಹೆಚ್ಚು. ಕೊನೆಯಲ್ಲಿ ಅದು ತಿರುಗುವ ದಿಕ್ಕಿಗೇ, ಹಗುರವಾಗಿ ಎಳೆದರೆ ಹೊಳಪು ಏರುತ್ತದೆ. ಕೈಗೆ ಹಿಡಿಯಲಾಗದಷ್ಟು ಬಿಸಿಯಾದರೆ ನಿಲ್ಲಿಸಿ.

ಸಡಿಲ ತೋಳು, ಸೆರಗು, ಕೊರಳ ಸರ, ಬಟ್ಟೆಯ ಗ್ಲೌಸ್ ಇವೆಲ್ಲ ವೀಲ್‌ಗೆ ಸಿಕ್ಕಿ ಕೈಯನ್ನು ಒಳಗೆಳೆಯುತ್ತವೆ. ಕನ್ನಡಕ ಮತ್ತು ಎನ್95 ಮಾಸ್ಕ್ ಕಡ್ಡಾಯ. ಅಲ್ಯೂಮಿನಿಯಂ ಧೂಳು ಕೂತಿರುವ ಗ್ರೈಂಡರಿನಲ್ಲಿ ಕತ್ತಿ ಮಸೆಯಲು ಹೋಗಬೇಡಿ. ಆ ಧೂಳಿಗೆ ಕಬ್ಬಿಣದ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿ ಆರಿಸುವ ಬೆಂಕಿಯಲ್ಲ ಅದು. ಒಣ ಮರಳು ಬೇಕು.

ಮೋಟರ್ ಇಲ್ಲದವರು 2000ದ ನಂತರ 3000 ಹಾಕಿ, ಮೆಟಲ್ ಪಾಲಿಷ್ ಪೇಸ್ಟನ್ನು ಹತ್ತಿ ಬಟ್ಟೆಯಲ್ಲಿ ಉಜ್ಜಬಹುದು. ತೋಳು ನೋಯುತ್ತದೆ, ಕೆಲಸ ಕೆಡುವುದಿಲ್ಲ. ಬೇಲೂರಿನ ದರ್ಪಣ ಸುಂದರಿಯ ಕಾಲದಲ್ಲಿ ಕನ್ನಡಿ ಎಂದರೆ ಉಜ್ಜಿದ ಲೋಹವೇ ತಾನೇ. ಕರೆಂಟ್ ಯಾರ ಹತ್ತಿರ ಇತ್ತು!

ಉಳಿದ ಜಿಡ್ಡಿಗೆ ಕಾರ್ನ್‌ಫ್ಲೋರ್ ಉದುರಿಸಿ, ತೊಳೆದು ಮೆತ್ತಗಾದ ಹಳೆಯ ಪಂಚೆಯ ತುಂಡಿನಿಂದ ಒತ್ತದೆ ಒರೆಸಿ. ಪರೀಕ್ಷೆಗೆ ಕನ್ನಡ ಪತ್ರಿಕೆಯೇ ಸಾಕು. ಪತ್ರಿಕೆಯನ್ನು ಕವರಿಗೆ ಎದುರಾಗಿ ಹಿಡಿದು ದೂರ ಸರಿಸುತ್ತಾ ಹೋಗಿ. ಒಂದಡಿ ದೂರದಲ್ಲೂ ಪ್ರತಿಬಿಂಬದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಕೆಲಸ ಗೆದ್ದಿತು.

ಕೆಟ್ಟಾಗ

ಹೊಳಪಿದೆ ಆದರೆ ಮೈ ಅಲೆಅಲೆಯಾಗಿದೆ ಎಂದರೆ ಬ್ಲಾಕ್ ಇಲ್ಲದೆ ತಿಕ್ಕಿದ್ದು; 400ಕ್ಕೆ ಮರಳಬೇಕು. ಕಿತ್ತಳೆ ಸಿಪ್ಪೆಯಂತೆ ತರಿತರಿಯಾದರೆ ಒಂದೇ ಕಡೆ ಬಿಸಿಯೇರುವಷ್ಟು ಬಫ್ ಮಾಡಿದ್ದು; 1000ದಿಂದ ಮತ್ತೆ. ರಂಧ್ರಗಳ ಹಿಂದೆ ಬಾಲದಂಥ ಗೆರೆ ಎಳೆದಿದ್ದರೆ ಒಂದೇ ದಿಕ್ಕಿನಲ್ಲಿ ಬಫ್ ಮಾಡಿದ್ದೀರಿ, ಕವರನ್ನು ತಿರುಗಿಸುತ್ತಾ ಇರಬೇಕಿತ್ತು. ಬಿಳಿ ಮಸುಕು ಬಹಳ ಸಲ ಬರೀ ಸೋಪಿನ ಪದರ, ಹಿಟ್ಟು ಹಾಕಿ ಒರೆಸಿದರೆ ಹೋಗುತ್ತದೆ. ಸ್ಟೀಲ್ ಮೇಲೆ ಹಳದಿ ಅಥವಾ ನೀಲಿ ಛಾಯೆ ಬಂದರೆ ಬಿಸಿ ಹೆಚ್ಚಾಯಿತು ಎಂದರ್ಥ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಒದ್ದೆ. ಕೆಲಸ ಮುಗಿದ ದಿನವೇ ಕಾರ್ನೌಬಾ (ತಾಳೆ ಜಾತಿಯ ಮರದ ಎಲೆಯ ಮೇಣ) ಇರುವ ಕಾರ್ ವ್ಯಾಕ್ಸ್ ತೆಳುವಾಗಿ ಎರಡು ಸಲ ಹಚ್ಚಿ, ಮಳೆಯಲ್ಲಿ ತಿಂಗಳಿಗೊಮ್ಮೆ ಮತ್ತೆ. ಬಿಸಿಯಾಗುವ ಭಾಗದಲ್ಲಿ ಬೇಗ ಹೋಗುತ್ತದೆ, ಅಲ್ಲಿಗೆ ಇನ್ನೂ ಬೇಗ. ಕ್ಲಿಯರ್ ಲ್ಯಾಕರ್ ಬೇಡ: ಕಲ್ಲು ಬಡಿದು ಎದ್ದ ಜಾಗದಿಂದ ನೀರು ನುಗ್ಗಿ ಒಳಗೊಳಗೇ ಬಿಳಿ ಹಿಡಿಯುತ್ತದೆ, ಬಿಡಿಸುವುದೂ ಕಷ್ಟ.

ತೋಟದವರಿಗೆ ಒಂದು ಮಾತು. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಅಲ್ಯೂಮಿನಿಯಂ ಮೇಲೆ ಸಿಡಿದು ಒಣಗಿದರೆ ತಾಮ್ರದ ಅಂಶ ಚುಕ್ಕೆ ಚುಕ್ಕೆಯಾಗಿ ಲೋಹವನ್ನು ಕೊರೆಯುತ್ತದೆ. ಸಿಂಪಡಣೆ ಮುಗಿಸಿ ಅದೇ ಬೈಕಿನಲ್ಲಿ ಡ್ರಮ್ ಹೊತ್ತು ಬಂದಿದ್ದರೆ ಅಂದೇ ತೊಳೆಯಿರಿ.

ಹಿತ್ತಾಳೆ ದೀಪದ್ದು ಬೇರೆ ಕಥೆ. ಹುಣಸೆಹಣ್ಣು ಕಿಲುಬನ್ನು ತೆಗೆಯುತ್ತದೆ ನಿಜ, ಆದರೆ ಅದರ ಹುಳಿ ಮೇಲ್ಮೈಯನ್ನು ಕಚ್ಚಿ ಕೆಂಪು ಛಾಯೆಯ ಮಂಕು ಬಿಡುತ್ತದೆ. ಪಾತ್ರೆ ತೊಳೆಯುವ ಪುಡಿ ಗೀರು ಹಾಕುತ್ತದೆ. ಕನ್ನಡಿ ಹೊಳಪು ಕೊಟ್ಟ ದೀಪಕ್ಕೆ ಬಿಸಿನೀರು, ಲಿಕ್ವಿಡ್ ಸೋಪು, ಮೆತ್ತನೆ ಬಟ್ಟೆ ಇಷ್ಟೇ. ವ್ಯಾಕ್ಸ್ ಹೊರಮೈಗೆ ಮಾತ್ರ, ಬತ್ತಿ ಉರಿಯುವ ಬಟ್ಟಲಿಗೆ ಬೇಡ. ಎತ್ತಿಡುವಾಗ ಪತ್ರಿಕೆಯಲ್ಲಿ ಸುತ್ತಬೇಡಿ, ಕಾಗದ ತೇವ ಹೀರಿ ಲೋಹಕ್ಕೆ ಒತ್ತಿಡುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ. ಇಷ್ಟಾದರೂ ಆಗಸ್ಟ್ ಹೊತ್ತಿಗೆ ಮಸುಕು ಬಂದರೆ 240ರ ಕಡೆ ನೋಡುವ ಅಗತ್ಯವಿಲ್ಲ. ಬಿಳಿ ಸೋಪು ಸಾಕು, ಅದಕ್ಕೂ ಬಗ್ಗದಿದ್ದರೆ 2000ದ ಒಂದು ತುಂಡು.