ರಿಪೇರಿ ಚೀಲ, 96 ಗ್ರಾಂ

ಜುಲೈ ತಿಂಗಳು, ಜಿಟಿಜಿಟಿ ಮಳೆ. ಪುಣೆ ಹತ್ತಿರದ ರಾಜಗಡ ಕೋಟೆಯ ಸಂಜೀವನಿ ಮಾಚಿ (ಮಾಚಿ ಅಂದರೆ ಕೋಟೆಯ ಚಾಚಿಕೊಂಡ ಭಾಗ) ದಾಟಿ, ತೋರಣಾ ಕೋಟೆ ಕಡೆಗೆ ಗುಡ್ಡಸಾಲಿನ ನೆತ್ತಿಯ ಮೇಲೆ ನಡೆಯುತ್ತಿದ್ದೆವು. ಹಿಂದಿನಿಂದ ಚಪ್ ಚಪ್ ಸದ್ದು. ತಿರುಗಿ ನೋಡಿದರೆ ಗೆಳೆಯನ ಬಲಗಾಲಿನ ಶೂ ಬಾಯಿ ತೆರೆದಿತ್ತು. ಅಟ್ಟೆ ಹಿಮ್ಮಡಿಯ ಹತ್ತಿರ ಮಾತ್ರ ಅಂಟಿಕೊಂಡಿತ್ತು.

"ನಾಲ್ಕೇ ಸಲ ಹಾಕಿದ್ದು ಮಾರಾಯಾ" ಅಂದ.

ಆಗ ನನ್ನ ರಿಪೇರಿ ಚೀಲ ಅರ್ಧ ಕಿಲೋ ಇತ್ತು. ಹತ್ತು ಕೆಲಸದ ಚಾಕು, ಸ್ಕ್ರೂಡ್ರೈವರ್, ಇಡೀ ಟೇಪಿನ ಉರುಳೆ, ಸೂಪರ್ ಗ್ಲೂ. ಜಂಬದಿಂದಲೇ ಬಿಚ್ಚಿದೆ. ಗ್ಲೂ ಟ್ಯೂಬು ಕಲ್ಲಾಗಿತ್ತು. ಆ ಗಮ್ ಗಟ್ಟಿಯಾಗುವುದೇ ತೇವ ತಾಗಿದಾಗ. ಒಮ್ಮೆ ಬಾಯಿ ಒಡೆದ ಟ್ಯೂಬು ಪುಣೆಯ ಮಳೆಗಾಲ ದಾಟುತ್ತದಾ? ಟೇಪು ಒದ್ದೆ ಕೆಸರಿಗೆ ಅಂಟಲೇ ಇಲ್ಲ.

ಕೊನೆಗೆ ಕಾಪಾಡಿದ್ದು ಬಟ್ಟೆ ಒಣಗಿಸಲು ಇಟ್ಟಿದ್ದ ಮೂರು ಮೀಟರ್ ನೈಲಾನ್ ಹುರಿ. ಹುರಿಯ ನಡುಭಾಗವನ್ನು ಬೆರಳುಗಳ ಹಿಂದೆ, ಅಟ್ಟೆಯ ಅಡಿಯ ಗೀರಿನೊಳಗೆ ಕೂರಿಸಿದೆ. ಎರಡೂ ತುದಿ ಮೇಲೆ ತಂದು ಲೇಸಿನ ಕೆಳಗಿನ ತೂತಿಗೆ ಸಿಕ್ಕಿಸಿ ಬಿಗಿದೆ. ಮಿಕ್ಕಿದ್ದನ್ನು ಪಾದದ ಕಮಾನಿನ ಅಡಿಯಿಂದ ಇನ್ನೊಂದು ಸುತ್ತು. ಗಂಟು ಮೇಲ್ಗಡೆ ಇರಬೇಕು, ಅಡಿಯಲ್ಲಿದ್ದರೆ ಬಂಡೆಗೆ ಉಜ್ಜಿ ಹರಿಯುತ್ತದೆ. ದಾರಿಯಲ್ಲಿ ಎರಡು ಸಲ ಮತ್ತೆ ಬಿಗಿಯಬೇಕಾಯಿತು. ಅದೇ ಶೂನಲ್ಲಿ ಅವನು ಬುಧಲಾ ಮಾಚಿಯ ಕಡೆಯ ಕಬ್ಬಿಣದ ಏಣಿ ಹತ್ತಿ, ತೋರಣಾ ಇಳಿದು ಬುಡದ ವೇಲ್ಹೆ ಊರು ತಲುಪಿದ.

ಮನೆ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ, ವಿಜಯಪುರ ಕಡೆಯವರು. ಶೂ ತೋರಿಸಿದೆ. ಅಟ್ಟೆಯ ಮೇಲಿನ ಮೆತ್ತನೆ ಪದರವನ್ನು ಹೆಬ್ಬೆರಳಿಂದ ಒತ್ತಿದರು. ಹಳೇ ರಸ್ಕಿನ ಹಾಗೆ ಉದುರಿತು. "ಹಿಟ್ಟಾಗೇದ ನೋಡ್ರಿ. ಇದಕ ಗಮ್ ಏನ್ ಹಿಡೀತದ?"

ಆ ಪದರ ಪಾಲಿಯುರೆಥೇನ್, ಒಂದು ಬಗೆಯ ಪ್ಲಾಸ್ಟಿಕ್ ಫೋಮ್. ಗಾಳಿಯ ತೇವಕ್ಕೇ ವರ್ಷಗಳಲ್ಲಿ ಒಳಗೊಳಗೇ ಸವೆಯುತ್ತದೆ, ಹಾಕದೆ ಇಟ್ಟರೂ. ಗೆಳೆಯನ ಶೂ ಐದು ವರ್ಷ ಅಟ್ಟದ ಮೇಲಿತ್ತಂತೆ. ಈಗ ಹೊರಡುವ ಹಿಂದಿನ ವಾರವೇ ಎಲ್ಲರ ಶೂ ಮಡಚಿ, ಅಂಚು ಒತ್ತಿ ನೋಡುತ್ತೇನೆ. ಸುಮ್ನೆ ನಗ್ತಾರೆ, ನಗಲಿ.

ಮಾತಾಡುತ್ತಲೇ ಕಾಕಾ ನನ್ನ ಬ್ಯಾಗಿನ ಜಿಪ್ಪನ್ನೂ ಸರಿಮಾಡಿದರು. ಎಳೆದರೂ ಹಲ್ಲು ಕೂಡುತ್ತಿರಲಿಲ್ಲ. ಹಲ್ಲು ಸರಿಯೇ ಇತ್ತು, ಮೇಲೆ ಓಡುವ ರನ್ನರ್ ಸವೆದು ಸಡಿಲವಾಗಿತ್ತು. ಇಕ್ಕಳದಿಂದ ರನ್ನರಿನ ಹಿಂಬದಿಯ ಎರಡೂ ಪಕ್ಕ ಮೆಲ್ಲಗೆ ಒಂದೊಂದು ಸಲ ಅಮುಕಿದರು, ಅಷ್ಟೇ. ಜೋರಾಗಿ ಅಮುಕಿದರೆ ಒಡೆದೇ ಹೋಗುತ್ತದಂತೆ. ಹೊರಡುವಾಗ ಎರಡು ಮಾರು ಮೇಣದ ದಾರ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಪುಣೆಯ ತಪಕೀರ್ ಗಲ್ಲಿಯಲ್ಲಿ ಬೆರಳುದ್ದದ ಇಕ್ಕಳ ತಗೊಂಡೆ. ಈಗಿನ 96 ಗ್ರಾಂ ಚೀಲದಲ್ಲಿ ಎಲ್ಲಕ್ಕಿಂತ ಭಾರದ್ದು ಅದೇ, 45 ಗ್ರಾಂ. ಅಮ್ಮ ಗೋಣಿ ಹೊಲಿಯುತ್ತಿದ್ದ ದಬ್ಬಳದ ಚಿಕ್ಕ ತಮ್ಮನಂಥ ಸೂಜಿಗೆ ಕಾಕಾ ಕೊಟ್ಟ ದಾರ ಸುತ್ತಿದ್ದೇನೆ. ಬ್ಯಾಗಿನ ಪಟ್ಟಿ ಕಿತ್ತರೆ ಮಾಮೂಲಿ ನೂಲು ನಿಲ್ಲುವುದಿಲ್ಲ. ಡಕ್ಟ್ ಟೇಪು ಲೈಟರಿಗೆ ಸುತ್ತಿದ ಒಂದು ಮೀಟರ್ ಮಾತ್ರ. ಮೇ ಬಿಸಿಲಿಗೆ ಅದರ ಗಮ್ ಒಸರುವುದರಿಂದ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಬಾಯಿ ಒಡೆಯದ ಪುಟ್ಟ ಗ್ಲೂ ಟ್ಯೂಬು, ನಾಲ್ಕು ಪಿನ್ನು, ಅರ್ಧ ಬ್ಲೇಡು, ಮತ್ತೆ ಆ ಹುರಿ.

ಗಾಳಿ ಹಾಸಿಗೆ ಒಯ್ಯುವಾಗ ಮಾತ್ರ ಎರಡು ತೇಪೆ, ಎರಡು ಸ್ಪಿರಿಟ್ ಬಟ್ಟೆ ಸೇರುತ್ತವೆ. ಸೋರುವ ಜಾಗಕ್ಕೆ ಸೋಪಿನ ನೊರೆ ಸವರಿದರೆ ಗುಳ್ಳೆ ಏಳುತ್ತದೆ. ಪೆನ್ನಿನಿಂದ ಗುರುತು ಹಾಕಿ, ಒರೆಸಿ, ಪೂರ್ತಿ ಒಣಗಿಸಿ ಆಮೇಲೆ ತೇಪೆ. ಇದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ನಾನು ಮೊದಲ ಸಲ ಕತ್ತಲಲ್ಲಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಮಾಡಿದ್ದು. ತೇಪೆ ತೂತಿನ ಪಕ್ಕಕ್ಕೆ ಬಿದ್ದಿತ್ತು.