ಯಾರೋ ಕೈಯಾರೆ ಮಾಡಿದ ಮೋರ್ಸ್ ಕೀ: ಹುಡುಕುವುದು, ಪರೀಕ್ಷಿಸುವುದು, ಜೋಪಾನ ಮಾಡುವುದು

ಮೋರ್ಸ್ ಕೀ ಅಂದರೆ ಚುಕ್ಕೆ-ಗೆರೆಯ ಸಂಕೇತದಲ್ಲಿ ಸಂದೇಶ ಕಳಿಸಲು ಬೆರಳಲ್ಲಿ ಒತ್ತುವ ಸಾಧನ. ಇಟಲಿಯ ಬ್ರೆಷಾ ಊರಿನ ಹತ್ತಿರ ಬೆಗಾಲಿಯವರು ಇವತ್ತಿಗೂ ಸೊಗಸಾದ ಕೀ ಮಾಡುತ್ತಾರೆ. ದುಡ್ಡು ಕಳಿಸಿದರೆ ಮನೆ ಬಾಗಿಲಿಗೆ ಬರುತ್ತದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಯಾವನೋ ಒಬ್ಬ ಹ್ಯಾಮ್ (ಹವ್ಯಾಸಿ ರೇಡಿಯೋದವ) ಸಿಕ್ಕ ಸಾಮಾನಿನಲ್ಲೇ ತನ್ನ ಕೈಗೆ ಹೊಂದುವ ಹಾಗೆ ಮಾಡಿಕೊಂಡ ಕೀ ಇರುತ್ತದಲ್ಲ, ನಾನು ಹುಡುಕುವುದು ಅದನ್ನು. ದಾವಣಗೆರೆಯಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದವನು ನಾನು. ಏನು ನೋಡಿದರೂ ಕಣ್ಣು ಮೊದಲು ಅರ ಉಜ್ಜಿದ ಗುರುತಿಗೇ ಹೋಗುತ್ತದೆ.

ಹೊಸದಾಗಿ ಶುರು ಮಾಡುವವರು ಮೊದಲು ಕಾರ್ಖಾನೆಯಲ್ಲಿ ಮಾಡಿದ ಒಂದು ಒಳ್ಳೆ ಕೀ ಒತ್ತಿ ನೋಡಿ. ಅಮೆರಿಕದ ಜೆ-38 ಸಾಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯ ಅದನ್ನು ರಾಶಿಗಟ್ಟಲೆ ಮಾಡಿಸಿತ್ತು. ಆಟಿಕೆ ರೈಲು ಮಾಡುವ ಲಯನೆಲ್ ಕಂಪನಿಯೂ ಅದನ್ನು ಮಾಡಿಕೊಟ್ಟಿದೆ! ಬೇರಿಂಗ್ ಹೇಗೆ ಅಲ್ಲಾಡದೆ ಕೂತಿದೆ, ಸ್ಪ್ರಿಂಗ್ ಎಷ್ಟು ಬಿಗಿ, ಒತ್ತಿದಾಗ ಒಂದಕ್ಕೊಂದು ತಾಗುವ ಎರಡು ಕಾಂಟ್ಯಾಕ್ಟ್ ನಡುವೆ ಎಷ್ಟು ಸಂದು ಅನ್ನುವುದು ಬೆರಳಿಗೆ ಗೊತ್ತಾಗಬೇಕು. ಅದು ಗೊತ್ತಾದ ಮೇಲೆ ಕೈಕೆಲಸದ ಕೀಯಲ್ಲಿ ಮಾಡಿದವನ ಜಾಣತನ ಎಲ್ಲಿದೆ ಅಂತ ತಾನೇ ಕಾಣುತ್ತದೆ.

ಮನೆಯಲ್ಲಿ ಮಾಡಿದವುಗಳಲ್ಲಿ ನನಗೆ ಜಾಸ್ತಿ ಇಷ್ಟ ಸೈಡ್‌ಸ್ವೈಪರ್. ಇದನ್ನು ಮೇಲೆ ಕೆಳಗೆ ಒತ್ತುವುದಿಲ್ಲ, ಎಡಕ್ಕೂ ಬಲಕ್ಕೂ ತಳ್ಳುತ್ತೀರಿ. ದಿನವಿಡೀ ಕುಟ್ಟಿ ಕುಟ್ಟಿ ತಂತಿ ಆಪರೇಟರುಗಳ ಮಣಿಕಟ್ಟು ಸೋತುಹೋಗುತ್ತಿತ್ತು. ಅದಕ್ಕೇ ಅಮೆರಿಕದ ಬನ್ನೆಲ್ ಕಂಪನಿ ಇಂಥ ಅಡ್ಡ ಕೀಯನ್ನು ಮಾರಾಟಕ್ಕೆ ತಂದಿತ್ತು. ಹೊರೇಸ್ ಮಾರ್ಟಿನ್ ಅನ್ನುವವನು ವೈಬ್ರೋಪ್ಲೆಕ್ಸ್ ಮಾಡಿದ. ಅದೇ ಈಗ ನಾವು 'ಬಗ್' ಅನ್ನುವುದು. ಅದರಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಅದುರುತ್ತಾ ಡಿಟ್‌ಗಳನ್ನು (ಚುಕ್ಕೆ) ತಾನೇ ಹೊಡೆಯುತ್ತದೆ, ಡಾ (ಗೆರೆ) ಮಾತ್ರ ಕೈಯಲ್ಲಿ. ವೈಬ್ರೋಪ್ಲೆಕ್ಸ್ ಸಿಕ್ಕರೆ ಹೆಸರಿನ ತಗಡಿನ ಮೇಲಿರುವ ಸೀರಿಯಲ್ ನಂಬರ್ ನೋಡಿ, ಅದರಿಂದ ಇಸವಿ ಅಂದಾಜು ಮಾಡಬಹುದು. ಕೈಕೆಲಸದ ಕೀಗೆ ತಗಡೂ ಇಲ್ಲ, ನಂಬರೂ ಇಲ್ಲ. ಮಾಡಿದವರನ್ನೇ ಕೇಳಬೇಕು, ಇಲ್ಲವಾದರೆ ಅವರ ಮನೆಯವರನ್ನು.

ಗುಜರಿ ಅಂಗಡಿ, ಬೆಂಗಳೂರಿನ ಸಂಡೇ ಬಜಾರ್ ಎಲ್ಲ ಸುತ್ತಬಹುದು, ತಪ್ಪೇನಿಲ್ಲ. ಆದರೆ ಅಲ್ಲಿ ಕೀ ಸಿಗುತ್ತದೆ, ಕಥೆ ಸಿಗುವುದಿಲ್ಲ. ಹಳೆಯ ಹ್ಯಾಮ್‌ಗಳ ಮನೆಯೇ ಒಳ್ಳೆಯದು. ಯಾರಾದರೂ ತೀರಿಕೊಂಡ ಸುದ್ದಿ ಬಂದ ಕೂಡಲೇ ಓಡಬೇಡಿ, ಅದು ಚೆನ್ನಾಗಿರುವುದಿಲ್ಲ. ಸ್ವಲ್ಪ ಕಾಲ ಕಳೆಯಲಿ. ಹೋದಾಗ ಬೆಲೆಯ ಮಾತು ಮೊದಲು ಎತ್ತಬೇಡಿ. ಒಂದು ಮನೆಯಲ್ಲಿ ನಾನು "ಅಮ್ಮಾ, ಯಜಮಾನರು ಇದನ್ನ ಎಲ್ಲಿ ಕೂತು ಮಾಡ್ತಿದ್ರು?" ಅಂತ ಕೇಳಿದೆ. "ಎಲ್ಲಿ ಕೂತರೇನಪ್ಪಾ, ನನ್ನ ಹೊಲಿಗೆ ಮಿಷನ್ನಿನ ಡ್ರಾಯರ್ ಹಿಡಿ ಕಿತ್ಕೊಂಡು ಇದಕ್ಕೆ ಹಾಕಿದ್ರು" ಅಂದರು. ಕೀಯ ಗುಂಡಿ ಎಲ್ಲಿಂದ ಬಂತು ಅಂತ ಬೇರೆ ಯಾರು ಹೇಳುತ್ತಿದ್ದರು? ಆ ಮಾತನ್ನು ಅಲ್ಲೇ ಚೀಟಿಯಲ್ಲಿ ಬರೆದು ಕೀ ಜೊತೆಗೇ ಇಟ್ಟೆ. ಊರು, ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಅಕ್ಷರಗಳು), ಯಾವ ಸಾಮಾನು ಎಲ್ಲಿಂದ ಬಂತು, ಇಷ್ಟನ್ನು ತಪ್ಪದೆ ಬರೆದಿಡಿ.

ಒಂದು ಎಚ್ಚರಿಕೆ. ರೈಲ್ವೆ ಗುರುತಿರುವ ಕೀ ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಹರಾಜಿನ ಕಾಗದ ಕೇಳಿ. ಕದ್ದ ರೈಲ್ವೆ ಸಾಮಾನು ಇಟ್ಟುಕೊಂಡರೆ 1966ರ ಕಾಯ್ದೆಯಡಿ ಕೇಸಾಗುತ್ತದೆ.

ಈಗ ಪರೀಕ್ಷೆ. ಥಳಥಳ ಹಿತ್ತಾಳೆ, ಕಪ್ಪು ಬಣ್ಣ ಬಳಿದ ಮರದ ಹಲಗೆ, ಮೇಲೊಂದು ಲಂಡನ್ ಹೆಸರಿನ ತಗಡು. ಇಂಥವು ಈಗ ಎಲ್ಲಾ ಕಡೆ ಇವೆ, ಶೋಕೇಸಿಗೆಂದೇ ಹೊಸದಾಗಿ ಮಾಡಿದವು. ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಹೋಗಿ ಸ್ಕ್ರೂ ಅಳೆಯಿರಿ. ಹಳೆಯ ಬ್ರಿಟಿಷ್ ಉಪಕರಣಗಳಲ್ಲಿ ಸಾಮಾನ್ಯವಾಗಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಳತೆಯ ಥ್ರೆಡ್ ಇರುತ್ತದೆ. 2 ಬಿಎ ಸ್ಕ್ರೂ 4.7 ಮಿ.ಮೀ. ದಪ್ಪ, 4 ಬಿಎ 3.6. ನೂರು ವರ್ಷ ಹಳೆಯದು ಅಂತ ಹೇಳಿದ ಬ್ರಿಟಿಷ್ ಕೀಯಲ್ಲಿ ಎಲ್ಲ ಸ್ಕ್ರೂಗಳೂ ಸರಿಯಾಗಿ 4 ಅಥವಾ 5 ಮಿ.ಮೀ. ಬಂದರೆ ಅನುಮಾನ ಪಡಿ. ಪ್ಲಸ್ ತಲೆಯ ಸ್ಕ್ರೂ ಇದ್ದರೆ ಹೇಳುವುದೇ ಬೇಡ, ಅದು ಚಾಲ್ತಿಗೆ ಬಂದಿದ್ದೇ 1930ರ ದಶಕದಲ್ಲಿ. ಕಾಂಟ್ಯಾಕ್ಟ್‌ನಲ್ಲಿ ಬೆಳ್ಳಿಯ ಬಿಲ್ಲೆ ಇಲ್ಲದೆ ಬರೀ ಹಿತ್ತಾಳೆಗೆ ಹಿತ್ತಾಳೆ ತಾಗುತ್ತಿದ್ದರೆ ಅದು ಬಹುಶಃ ಆಟದ ಸಾಮಾನು.

ಮನೆಯಲ್ಲಿ ಮಾಡಿದ ಕೀಗೆ ಈ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಸ್ಕ್ರೂ ನಾಲ್ಕು ಜಾತಿಯದ್ದು ಇದ್ದರೂ ಸರಿ. ಅಲ್ಲಿ ನಾನು ನೋಡುವುದು ಬ್ಲೇಡ್. ಹ್ಯಾಕ್ಸಾ ಬ್ಲೇಡಿನಿಂದ ಸೈಡ್‌ಸ್ವೈಪರ್ ಮಾಡುವುದು ಹ್ಯಾಮ್‌ಗಳ ಹಳೇ ರೂಢಿ. ಐಟಿಐಯಲ್ಲಿ ನಾವು ಕಲಿಸುತ್ತಿದ್ದ ಪಾಠ ಇದು: ಆಲ್ ಹಾರ್ಡ್ ಬ್ಲೇಡ್ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ, ಫ್ಲೆಕ್ಸಿಬಲ್ ಬ್ಲೇಡ್ ಬಗ್ಗಿ ವಾಪಸ್ ಬರುತ್ತದೆ. ತಿಳಿದವನು ಎರಡನೆಯದನ್ನು ತೆಗೆದುಕೊಂಡಿರುತ್ತಾನೆ. ಹಲ್ಲನ್ನು ಗ್ರೈಂಡರಿನಲ್ಲಿ ಪೂರ್ತಿ ತೆಗೆದಿರುತ್ತಾನೆ, ಕಾಂಟ್ಯಾಕ್ಟ್ ತಾಗುವ ಕಡೆ ಬಣ್ಣ ಕೆರೆದಿರುತ್ತಾನೆ, ಬುಡದಲ್ಲಿ ಬ್ಲೇಡನ್ನು ಎರಡು ಲೋಹದ ತುಂಡುಗಳ ನಡುವೆ ಬಿಗಿದಿರುತ್ತಾನೆ. ಕೆಳಗಿನ ಹಲಗೆ ಭಾರವಾಗಿದೆಯಾ ನೋಡಿ. ಹಗುರ ಆದರೆ ಕೀ ಮೇಜಿನ ಮೇಲೆ ಓಡಾಡುತ್ತದೆ.

ತಂದ ಮೇಲೆ ಉಜ್ಜುವ ಆಸೆ ಬರುತ್ತದೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ಅಂದರೆ ಹುಣಸೆಹಣ್ಣು ತಾನೇ? ಕೀಗೆ ಅದು ಬೇಡವೇ ಬೇಡ. ಹುಳಿ ಸಂದಿಗೆಲ್ಲ ಇಳಿಯುತ್ತದೆ, ಹಳೆಯ ಬಣ್ಣ ಹೋಗುತ್ತದೆ. ಒಣ ಬಟ್ಟೆ, ಮೆತ್ತನೆ ಬ್ರಷ್ ಸಾಕು. ಕಾಂಟ್ಯಾಕ್ಟ್‌ಗೆ ಎಮರಿ ಪೇಪರ್ ಹಾಕಬೇಡಿ. ಬಿಳಿ ಕಾಗದದ ಪಟ್ಟಿಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ನಡುವೆ ಇಟ್ಟು ಮೆಲ್ಲಗೆ ಒತ್ತಿ ಎಳೆಯಿರಿ, ಕಪ್ಪು ಕಾಗದಕ್ಕೆ ಬರುತ್ತದೆ. ಮಿಲಿಟರಿ ಕೀಯ ಉಕ್ಕಿನ ಭಾಗಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಕ್ಯಾಡ್ಮಿಯಂ ಲೇಪನ ಕೆಟ್ಟಿದ್ದಿರಬಹುದು. ಅದು ವಿಷ. ಅರ ಹಾಕಬೇಡಿ, ಊದಬೇಡಿ, ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಎಸೆದುಬಿಡಿ.

ಕೀಯನ್ನು ಬಳಸಿ, ಸುಮ್ನೆ ಗಾಜಿನೊಳಗೆ ಇಡಬೇಡಿ. ಈಗಿನ ರೇಡಿಯೋ ಸೆಟ್‌ಗಳಲ್ಲಿ ಕೀ ಮೇಲೆ ಬರುವುದು ಕೆಲವೇ ವೋಲ್ಟ್, ತೊಂದರೆಯಿಲ್ಲ. ಸೈಡ್‌ಸ್ವೈಪರ್, ಬಗ್ ಎರಡಕ್ಕೂ ಸೆಟ್‌ನಲ್ಲಿ ಪ್ಯಾಡಲ್ ಮೋಡ್ (ಡಿಟ್, ಡಾ ಎರಡನ್ನೂ ಸೆಟ್ಟೇ ಮಾಡುವುದು) ಅಲ್ಲ, ಸ್ಟ್ರೇಟ್ ಕೀ ಮೋಡ್ ಇಡಿ. ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್ ಆದರೆ ವಿಷಯ ಬೇರೆ. ಕೆಲವದರಲ್ಲಿ ಕೀ ವಾಲ್ವಿನ ಕ್ಯಾಥೋಡ್‌ಗೆ ನೇರ ಸೇರಿರುತ್ತದೆ, ಜಾಸ್ತಿ ವೋಲ್ಟೇಜ್ ಕೀ ಮೇಲೇ ಬರಬಹುದು. ಬೆರಳು ಲೋಹಕ್ಕೆ ತಗುಲಿದರೆ ಜೋರಾಗಿ ಶಾಕ್ ಹೊಡೆಯಬಹುದು. ಕೈಕೆಲಸದ ಕೀಯಲ್ಲಂತೂ ಎಲ್ಲ ಲೋಹವೂ ಬಯಲಿಗೇ ಇರುತ್ತದೆ. ನಡುವೆ ಒಂದು ರಿಲೇ (ಕೀಯನ್ನು ಆ ವೋಲ್ಟೇಜಿನಿಂದ ಬೇರೆ ಇಡುವ ಸ್ವಿಚ್) ಹಾಕದೆ ಅಂಥ ಸೆಟ್‌ಗೆ ಜೋಡಿಸಬೇಡಿ.